ಜೂನ್ ಮಳೆಯಲ್ಲಿ ಹಡಗು ಹೊರಡುತ್ತದೆಯೇ? ಕಾಲಯಾನದ ಕಡಲ ಕತೆ ಬರೆಯುತ್ತಿರುವ ಟೀಚರ್‌ಗೆ ಉತ್ತರ

ಪ್ರಶ್ನೆ: ಮಲ್ಪೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಏಳನೇ ತರಗತಿಯ ಮಕ್ಕಳಿಗೆಂದು ಒಂದು ಕಾದಂಬರಿ ಬರೆಯುತ್ತಿದ್ದೇನೆ, ಶನಿವಾರಕ್ಕೊಂದು ಅಧ್ಯಾಯ ಓದಿ ಹೇಳುತ್ತೇನೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಜ್ಜನ ಹಳೆಯ ದೋಣಿಯೊಳಗೆ ಅಡಗಿ ಕೂತವಳು ಕಣ್ಣು ಬಿಡುವಾಗ 1135ರ ಮಂಗಳೂರಿನಲ್ಲಿರುತ್ತಾಳೆ. ಜೂನ್ ತಿಂಗಳ ಜಡಿಮಳೆಯಲ್ಲಿ ಯೆಮೆನ್‌ನ ಬಂದರು ಏಡನ್ನಿಗೆ ಹೊರಟ ಹಡಗು ಹತ್ತುತ್ತಾಳೆ. ದಿಕ್ಸೂಚಿ, ದುರ್ಬೀನು ಹಿಡಿದ ಕಪ್ತಾನ, ತಲೆಬುರುಡೆಯ ಕಪ್ಪು ಬಾವುಟದ ಕಡಲ್ಗಳ್ಳರು, ಹಡಗಿನಲ್ಲಿ ಖಾರದ ಮೀನುಗಸಿ, ಎಲ್ಲ ಇದೆ. ಕೊನೆಗೆ ಅವಳು ವಾಸ್ಕೋ ಡ ಗಾಮ ಬರುತ್ತಾನೆಂದು ಎಚ್ಚರಿಸಿ ಚರಿತ್ರೆಯನ್ನೇ ಬದಲಿಸುತ್ತಾಳೆ. 80 ಪುಟ ಆಗಿದೆ, ಜೊತೆಗೆ ಕಳಿಸಿದ್ದೇನೆ. ಓದಿದ ಸಹೋದ್ಯೋಗಿಯೊಬ್ಬರು, ‘ಆಗ ನಮ್ಮವರು ಸಮುದ್ರ ದಾಟುತ್ತಿರಲಿಲ್ಲ, ಹೆಣ್ಣುಮಕ್ಕಳಂತೂ ಹಡಗು ಹತ್ತುವ ಮಾತೇ ಇಲ್ಲ. ಸರಿಯಾಗಿ ಇತಿಹಾಸ ಬರೆಯಿರಿ, ಇಲ್ಲವೇ ಕಟ್ಟುಕತೆ ಎಂದು ಹೇಳಿಬಿಡಿ’ ಎಂದರು. ನನ್ನ ಮಕ್ಕಳಿಗೆ ಪಾಠ ಬೇಡ, ಕತೆ ಬೇಕು. ಈ ಪುಟಗಳನ್ನು ಎತ್ತಿಟ್ಟುಬಿಡಲೇ? ಮಕ್ಕಳ ಸಾಹಸ ಕತೆಗೆ ಎಷ್ಟು ನಿಜ ಬೇಕು?

ಉತ್ತರ: ಟೀಚರ್, ಎತ್ತಿಡಬೇಡಿ. ನೀವು ಹುಡುಗಿಯನ್ನು ಇಳಿಸಿದ ಊರು, ಹತ್ತಿಸಿದ ಹಡಗು, ಕಳಿಸಿದ ಬಂದರು ಮೂರೂ ನಿಜಕ್ಕೆ ತೀರ ಹತ್ತಿರದವು. ನಿಮ್ಮ ಸಹೋದ್ಯೋಗಿ ಬೆರಳಿಟ್ಟ ಎರಡೂ ಜಾಗದಲ್ಲಿ ನೀವು ಸರಿಯಾಗಿದ್ದೀರಿ. ಅವರು ಗಮನಿಸದೆ ಬಿಟ್ಟ ಮಳೆ, ಮೆಣಸಿನಕಾಯಿ, ದುರ್ಬೀನುಗಳಲ್ಲಿ ಎಡವಿದ್ದೀರಿ.

ಕರಾವಳಿಯ ಕಡಲ ವ್ಯಾಪಾರದ ಚರಿತ್ರೆ ನನ್ನ ಓದು, ಮಕ್ಕಳ ಪುಸ್ತಕಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಎರಡೂ ಸೇರುವ ಕಡೆ ನಿಮ್ಮಂಥ ಪತ್ರಗಳು ಬರುತ್ತವೆ, ಎಲ್ಲದರಲ್ಲೂ ಒಂದೇ ಭಯ: ನಿಜ ಹೆಚ್ಚಾದರೆ ಕತೆ ಪಾಠವಾಗುತ್ತದೆ, ಕಡಿಮೆಯಾದರೆ ಸುಳ್ಳಾಗುತ್ತದೆ. ಉಪ್ಪಿನ ಹಾಗೆ ಅಳೆದು ಹಾಕುವ ವಸ್ತು ಎಂದುಕೊಂಡಾಗ ಈ ಭಯ ಬರುತ್ತದೆ. ಕಡಲ ಕತೆಯಲ್ಲಿ ಹಾಗಲ್ಲ. ಗಾಳಿ ಯಾವ ತಿಂಗಳು ಯಾವ ಕಡೆಗೆ ಬೀಸುತ್ತದೆ, ಹಡಗಿನ ಹಲಗೆಯನ್ನು ಏನು ಹಿಡಿದಿಟ್ಟಿದೆ, ರಾತ್ರಿ ದಾರಿ ಹೇಗೆ ಗೊತ್ತಾಗುತ್ತದೆ, ಇವೇ ಕತೆಯನ್ನು ಎಳೆದುಕೊಂಡು ಹೋಗುವ ಹಾಯಿಗಳು. ಅವನ್ನು ತಪ್ಪು ಬರೆದರೆ ನಷ್ಟ ಇತಿಹಾಸಕ್ಕಿಂತ ಮೊದಲು ಕತೆಗೆ.

ಮೊದಲು ಸಮುದ್ರ ದಾಟುವ ಮಾತು. ಸಹೋದ್ಯೋಗಿಯ ಮಾತಿಗೆ ಬೇರಿಲ್ಲದಿಲ್ಲ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಜಾತಿಯಿಂದ ಬೀಳಿಸುವ ಪಾಪಗಳ ಸಾಲಿನಲ್ಲಿ ಇಟ್ಟಿದೆ. ಅದೇ ಗ್ರಂಥ ಇನ್ನೊಂದೆಡೆ ಸಮುದ್ರಯಾನ ಉತ್ತರದವರ ರೂಢಿ ಎಂದೂ ಹೇಳುತ್ತದೆ. ಮನುಸ್ಮೃತಿ ಕಡಲು ದಾಟಿದ ಬ್ರಾಹ್ಮಣನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತದೆ, ಮತ್ತೆ ಕಡಲ ಸಾಗಣೆಯ ಬಾಡಿಗೆಯ ಮಾತನ್ನೂ ಆಡುತ್ತದೆ. ಹೋಗುವವರು ಇದ್ದುದರಿಂದಲೇ ಬೇಡ ಎಂದು ಬರೆಯಬೇಕಾಯಿತು. ಆ ಕಟ್ಟಳೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ವರ್ತಕರು, ನಾವಿಕರು, ಮೀನು ಹಿಡಿಯುವವರು ಅದನ್ನು ಕೇಳಿ ದಡದಲ್ಲಿ ಕೂತವರಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಪುಲಿಕೇಶಿ ಮದ್ದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದ ಎಂದು ಹೊಗಳುತ್ತಾನೆ. ಅದೇ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ತಮಿಳು ಶಾಸನವೊಂದು ಸುಮಾತ್ರದ ಬಾರುಸ್‌ನಲ್ಲಿ ಸಿಕ್ಕಿದೆ, ಕಾಲ 1088. ನಿಮ್ಮ ಕತೆಗಿಂತ ಅರ್ಧ ಶತಮಾನ ಹಿಂದಿನದು.

ಇನ್ನು ಮಂಗಳೂರು–ಏಡನ್ ದಾರಿ. ನೀವು ಊಹಿಸಿ ಬರೆದಿರೋ ಎಲ್ಲೋ ಕೇಳಿದ್ದಿರೋ ತಿಳಿಯದು, ಆದರೆ ಈ ದಾರಿಗೆ ಕಾಗದದ ಸಾಕ್ಷಿ ಇದೆ. ಹಳೇ ಕೈರೋದ ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ದೇವರ ಹೆಸರಿರುವ ಕಾಗದವನ್ನು ಹರಿಯಬಾರದು, ಸುಡಬಾರದು ಎಂದು ಹಳೆಯ ಕಾಗದವನ್ನೆಲ್ಲ ಒಂದು ಕೋಣೆಗೆ ಹಾಕುತ್ತಿದ್ದರು. ಗೆನೀಜಾ ಎನ್ನುತ್ತಾರೆ ಅದಕ್ಕೆ. 1896–97ರಲ್ಲಿ ಅದರ ಬಹುಪಾಲು ಕೇಂಬ್ರಿಜ್‌ಗೆ ಹೋಯಿತು. ಅದರೊಳಗೆ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳು, ಲೆಕ್ಕದ ಚೀಟಿಗಳು ಇದ್ದವು. ಇಂದಿನ ಟ್ಯುನೀಶಿಯಾದ ಮೆಹದಿಯಾದವನು. 1132ರ ಸುಮಾರಿಗೆ ಮಂಗಳೂರಿಗೆ ಬಂದು ಹದಿನೇಳು ವರ್ಷ ಇಲ್ಲೇ ಇದ್ದ. ಪತ್ರಗಳಲ್ಲಿ ಊರಿನ ಹೆಸರು ‘ಮಂಜರೂರ್’. ಆಗ ಇಲ್ಲಿ ಆಳುಪರ ಆಳ್ವಿಕೆ. ಕಂಚು–ತಾಮ್ರದ ಪಾತ್ರೆ ಮಾಡುವ ಕಾರ್ಖಾನೆಯನ್ನೂ ಅವನು ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು, ಇವನು ಕರಗಿಸಿ ಹೊಸದು ಮಾಡಿಸಿ ವಾಪಸು ಕಳಿಸುತ್ತಿದ್ದ. ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಮತ್ತೆ ಕಾಗದ ಬರುತ್ತಿತ್ತು. ಕಾಗದವನ್ನು ಹಬ್ಬದ ಉಡುಗೊರೆಯ ಹಾಗೆ ಕಳಿಸುತ್ತಿದ್ದರು, ಏಕೆಂದರೆ ಇಲ್ಲಿ ಎಲ್ಲರೂ ಓಲೆಗರಿಯಲ್ಲಿ ಬರೆಯುವವರು. ನಿಮ್ಮ ಹುಡುಗಿಯ ಶಾಲೆ ಚೀಲದಲ್ಲಿ 200 ಪುಟದ ನೋಟ್‌ಬುಕ್ ಇದ್ದರೆ, ಬೆನ್ ಯಿಜುವಿನ ಕಣ್ಣಿಗೆ ಅವಳು ದೊಡ್ಡ ಸಿರಿವಂತೆ. ಈ ಒಂದು ಸಂಗತಿಯಿಂದಲೇ ಅವಳು ಆ ಮನೆಯೊಳಗೆ ಕಾಲಿಡಬಹುದು.

ಹೆಣ್ಣುಮಕ್ಕಳು ಹಡಗು ಹತ್ತುತ್ತಿರಲಿಲ್ಲ ಎಂಬ ಮಾತಿಗೂ ಉತ್ತರ ಇದೇ ಕಟ್ಟಿನಲ್ಲಿದೆ. ಬೆನ್ ಯಿಜು 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳೇ ಅವನ ಹೆಂಡತಿಯಾದಳು, ಅವನ ಮಕ್ಕಳ ತಾಯಿಯಾದಳು ಎಂದು ವಿದ್ವಾಂಸರು ಊಹಿಸುತ್ತಾರೆ. 1149ರಲ್ಲಿ ಅವನು ಒಬ್ಬ ಮಗ, ಒಬ್ಬಳು ಮಗಳನ್ನು ಕರೆದುಕೊಂಡು ಹಡಗು ಹತ್ತಿ ಏಡನ್ ಸೇರಿದ. ಅಲ್ಲಿಂದ ಅಣ್ಣತಮ್ಮಂದಿರಿಗೆ, ಜೀವ, ಮಕ್ಕಳು, ಗಳಿಕೆ ಎಲ್ಲ ಸುರಕ್ಷಿತವಾಗಿ ಬಂದೆ ಎಂದು ಬರೆದ ಪತ್ರ ಉಳಿದಿದೆ. ಮಗಳ ಹೆಸರು ಸಿತ್ ಅಲ್ ದಾರ್, ಅಂದರೆ ಮನೆಯ ಒಡತಿ. ಕೆಲವು ವರ್ಷಗಳ ಮೇಲೆ, 1156ರಲ್ಲಿ, ಈಜಿಪ್ಟಿನಲ್ಲಿ ಅವಳ ಮದುವೆ ಆಯಿತು. ಅಂದರೆ, ಮಂಗಳೂರಿನ ಮಳೆ ಕೇಳಿ ಬೆಳೆದ ಒಂದು ಹುಡುಗಿ ನಿಜಕ್ಕೂ ಅರಬ್ಬೀ ಕಡಲು ದಾಟಿ ಹೋಗಿದ್ದಾಳೆ. ಅವಳು ಹೇಗೆ ಕಾಣುತ್ತಿದ್ದಳು, ದಡ ಮರೆಯಾಗುವಾಗ ಅತ್ತಳೋ ಇಲ್ಲವೋ, ಯಾವ ಪತ್ರವೂ ಹೇಳುವುದಿಲ್ಲ. ಕಾದಂಬರಿಕಾರರಿಗೆ ಇದಕ್ಕಿಂತ ದೊಡ್ಡ ಖಾಲಿ ಜಾಗ ಎಲ್ಲಿ ಸಿಗುತ್ತದೆ? ನಾನು ನಿಮ್ಮ ಜಾಗದಲ್ಲಿದ್ದರೆ 1135 ಬಿಟ್ಟು 1149 ಹಿಡಿಯುತ್ತಿದ್ದೆ, ಆ ಹಡಗಿನಲ್ಲಿ ಇಬ್ಬರು ಹುಡುಗಿಯರನ್ನು ಕೂರಿಸುತ್ತಿದ್ದೆ.

ಈಗ ನಿಮ್ಮ ಜೂನ್ ಮಳೆ. ನಿಮ್ಮ ತರಗತಿಯ ಅರ್ಧ ಮಕ್ಕಳು ಮೊಗವೀರ, ಖಾರ್ವಿ ಮನೆಯವರಿರಬಹುದು. ಅವರ ಮುಂದೆ ಜೂನ್‌ನಲ್ಲಿ ಹಾಯಿ ಬಿಚ್ಚಿದರೆ ಹಿಂದಿನ ಬೆಂಚಿನಿಂದಲೇ ‘ಟೀಚರ್, ಆಗ ಬೋಟು ಹೋಗುದಿಲ್ಲ’ ಎಂಬ ಮಾತು ಬರುತ್ತದೆ. ಇಂದಿಗೂ ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದು ಮೀನಿನ ಸಂತತಿ ಉಳಿಯಲೆಂದು ಸರ್ಕಾರ ಮಾಡಿದ್ದು, ಆದರೆ ಹಾಯಿಯ ಕಾಲದಲ್ಲಿ ನಿಷೇಧ ಹೇರುತ್ತಿದ್ದುದು ಕಡಲೇ. ನೈಋತ್ಯ ಮಾರುತ ನೇರ ದಡಕ್ಕೆ ಬಡಿಯುತ್ತದೆ, ಅಳಿವೆ ಬಾಯಿಯಲ್ಲಿ ಮರಳ ದಿಬ್ಬದ ಮೇಲೆ ತೆರೆ ಮುರಿಯುತ್ತದೆ, ಹೊರಟ ಹಡಗು ಅಳಿವೆ ದಾಟುವ ಮೊದಲೇ ಒಡೆಯುತ್ತದೆ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ದೋಣಿ ಇಳಿಸುವ ಸಮುದ್ರ ಪೂಜೆಯನ್ನು ನಿಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ.

ಮಳೆ ಮುಗಿದು ನವೆಂಬರ್ ಬಂದರೆ ಗಾಳಿ ತಿರುಗುತ್ತದೆ. ಈಶಾನ್ಯದಿಂದ, ಅಂದರೆ ನೆಲದ ಕಡೆಯಿಂದ, ಹದವಾಗಿ ಬೀಸುತ್ತದೆ. ಅದೇ ಏಡನ್ನಿಗೆ ಹೊರಡುವ ಹೊತ್ತು. ಅಲ್ಲಿಂದ ಹಿಂದಿರುಗಲು ನೈಋತ್ಯ ಮಾರುತದ ಅಬ್ಬರ ಇಳಿಯುವವರೆಗೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ವರೆಗೆ ಕಾಯಬೇಕು. ಒಂದು ದಾರಿಗೆ ತಿಂಗಳೊಪ್ಪತ್ತು, ನಡುವೆ ಅರ್ಧ ವರ್ಷಕ್ಕೂ ಹೆಚ್ಚಿನ ಕಾಯುವಿಕೆ. ಮಾನ್ಸೂನ್ ಎಂಬ ಪದವೇ ಅರಬ್ಬಿಯ ‘ಮೌಸಿಮ್’, ಅಂದರೆ ಋತು, ಎಂಬುದರಿಂದ ಬಂತು.

ಗಾಳಿಯನ್ನು ಮೀರಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಖಳನಾಯಕನೇ ಸಾಕ್ಷಿ. ಗಾಮ 1498ರಲ್ಲಿ ಆಫ್ರಿಕಾದ ಮಾಲಿಂದಿಯಿಂದ ಇತ್ತ ಬರುವಾಗ ಗಾಳಿ ಬಲ್ಲ ಚುಕ್ಕಾಣಿಗ ಜೊತೆಗಿದ್ದ, ತೆರೆದ ಕಡಲನ್ನು 23 ದಿನಗಳಲ್ಲಿ ದಾಟಿದ. ಹಿಂದಿರುಗುವಾಗ ಅವಸರ ಮಾಡಿ, ಗಾಳಿ ಇನ್ನೂ ತಿರುಗದ ಅಕ್ಟೋಬರ್ ಮೊದಲ ವಾರದಲ್ಲೇ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಹೊರಟ. ಅದೇ ಕಡಲು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಬಾತು, ಕೈಕಾಲು ಊದಿ, ಸ್ಕರ್ವಿಯಿಂದ ಸುಮಾರು ಮೂವತ್ತು ಮಂದಿ ಸತ್ತರು. ಗಾಳಿಯ ಲೆಕ್ಕ ಹಿಡಿದು ಹೋಗುವ ನಮ್ಮ ಹಡಗುಗಳಿಗೆ ಆ ರೋಗ ತಟ್ಟುವ ಮೊದಲೇ ದಡ ಸಿಗುತ್ತಿತ್ತು. (ಅರಬ್ ನಾವಿಕ ಇಬ್ನ್ ಮಾಜಿದನೇ ಗಾಮನಿಗೆ ದಾರಿ ತೋರಿದ ಎಂದು ಹಳೆಯ ಪಠ್ಯಗಳಲ್ಲಿ ಓದಿರುತ್ತೀರಿ. ವಿದ್ವಾಂಸರು ಅದನ್ನು ಒಪ್ಪುವುದಿಲ್ಲ, ನಿಮ್ಮ ಕತೆಯಲ್ಲೂ ಬರುವುದು ಬೇಡ.)

ನೋಡಿ, ಈ ಗಾಳಿಯ ಲೆಕ್ಕವೇ ನಿಮ್ಮ ಕತೆಯ ಗಡಿಯಾರವಾಗುತ್ತದೆ. ಹುಡುಗಿ ಏಡನ್ನಿನಲ್ಲಿ ಇಳಿದ ದಿನ ಕೇಳುತ್ತಾಳೆ, ವಾಪಸು ಯಾವಾಗ? ಆಗಸ್ಟ್ ಕೊನೆಗೆ ಎನ್ನುತ್ತಾರೆ. ಅವಳ ಕಾಲಕ್ಕೆ ಮರಳುವ ದೋಣಿ ಇರುವುದು ಮಂಗಳೂರಿನಲ್ಲಿ. ಓಡಿ ಹೋಗಲು ದಾರಿಯಿಲ್ಲ, ದುಡ್ಡು ಕೊಟ್ಟರೂ ಹಡಗು ಹೊರಡುವುದಿಲ್ಲ. ಯಾವ ಖಳನಾಯಕನೂ ಅವಳನ್ನು ಇಷ್ಟು ಬಿಗಿಯಾಗಿ ಕಟ್ಟಿಹಾಕಲಾರ.

ಹಡಗಿನ ಬಗ್ಗೆ. ನಿಮ್ಮ ಮೂರನೇ ಅಧ್ಯಾಯದಲ್ಲಿ ‘ಮೊಳೆಗಳು ಕಿರುಗುಟ್ಟಿದವು’ ಎಂದು ಬರೆದಿದ್ದೀರಿ. ಮೊಳೆ ಇರಲಿಲ್ಲ. ಅರಬ್ಬೀ ಕಡಲಿನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಆಲಪ್ಪುಳದ ಕಡೆ ಒಂದು ಕೆಟ್ಟುವಳ್ಳಂ ದೋಣಿ ಹೊಲಿಯುವುದನ್ನು ನಾನು ಒಂದು ದಿನ ಪೂರ್ತಿ ಕೂತು ನೋಡಿದ್ದೇನೆ. ಇಬ್ಬರು ಕೆಲಸಗಾರರು, ಒಬ್ಬ ಒಳಗೆ, ಒಬ್ಬ ಹೊರಗೆ. ಎರಡು ಹಲಗೆ ಕೂಡುವ ಅಂಚಿನ ಮೇಲೆ ಕತ್ತದ ಮೆತ್ತೆ ಇಡುತ್ತಾರೆ. ಸಾಲಾಗಿ ಕೊರೆದ ತೂತಿನಲ್ಲಿ ಹುರಿ ತೂರಿಸಿ, ಕಾಲು ಒತ್ತಿಕೊಟ್ಟು ಎಳೆಯುತ್ತಾರೆ. ಬಿಗಿಯಾದಾಗ ಹುರಿ ಒಂದು ಸಣ್ಣ ಸ್ವರ ಕೊಡುತ್ತದೆ, ತಂಬೂರಿ ತಂತಿ ಏರಿಸಿದ ಹಾಗೆ. ಒಳಗಿನವನು ಆ ಸ್ವರ ಕೇಳಿಯೇ ಸಾಕು ಎನ್ನುತ್ತಿದ್ದ. ಆಮೇಲೆ ತೂತು ಮುಚ್ಚಿ ಎಣ್ಣೆ ಬಳಿಯುತ್ತಾರೆ. ಮರುದಿನವೂ ನನ್ನ ಬೆರಳುಗಳಿಂದ ಆ ವಾಸನೆ ಹೋಗಿರಲಿಲ್ಲ.

ಮೊಳೆ ಏಕಿಲ್ಲ ಎಂಬುದಕ್ಕೆ ಹಿಂದಿನವರು ಒಂದು ಕತೆ ಹೇಳುತ್ತಿದ್ದರು, ಕಡಲಿನಲ್ಲಿ ಅಯಸ್ಕಾಂತದ ಬೆಟ್ಟಗಳಿವೆ, ಅವು ಮೊಳೆಗಳನ್ನು ಕಿತ್ತು ಎಳೆದುಕೊಳ್ಳುತ್ತವೆ ಎಂದು. ಅದು ಕತೆ ಮಾತ್ರ. ಕಬ್ಬಿಣ ಇರಲಿಲ್ಲ ಎನ್ನುವುದೂ ತಪ್ಪು, ಬೆನ್ ಯಿಜು ಮಂಗಳೂರಿನಿಂದ ಕಬ್ಬಿಣವನ್ನೇ ರಫ್ತು ಮಾಡುತ್ತಿದ್ದನಲ್ಲ. ಮೊಳೆಯಿಲ್ಲದ ಹಡಗಿನ ಹೊಟ್ಟೆಯಲ್ಲಿ ಕಬ್ಬಿಣದ ಸರಕು! ನಾರು ಅಗ್ಗ, ಊರಲ್ಲೇ ಸಿಗುತ್ತದೆ. ಹೊಲಿದ ಒಡಲು ತುಸು ಬಾಗುತ್ತದೆ, ತೆರೆ ಅಪ್ಪಳಿಸಿದರೂ ಮರಳಿಗೆ ತಾಗಿದರೂ ಸೀಳುವುದಿಲ್ಲ. ಕಿತ್ತುಹೋದರೆ ಯಾವ ದಡದಲ್ಲಾದರೂ ಎಳೆದು ಮತ್ತೆ ಹೊಲಿಯಬಹುದು. ಅದರ ಕೊರತೆ ಎಂದರೆ ನೀರು ಜಿನುಗುವುದು. ಹಗಲೂ ರಾತ್ರಿ ಯಾರಾದರೂ ತಳದ ನೀರು ಎತ್ತಿ ಚೆಲ್ಲುತ್ತಲೇ ಇರಬೇಕು. ನಿಮ್ಮ ಹುಡುಗಿಗೆ ಹಡಗಿನಲ್ಲಿ ಮಾಡಲು ಏನೂ ಕೆಲಸವಿಲ್ಲ ಎಂದು ನನಗೆ ಅನ್ನಿಸಿತ್ತು. ಈ ಕೆಲಸ ಕೊಡಿ. ತೂಫಾನಿನ ರಾತ್ರಿ, ಮೊಣಕಾಲು ಮಟ್ಟದ ನೀರು, ಕತ್ತಲಲ್ಲಿ ಹುರಿಯ ಸ್ವರ ಬದಲಾದದ್ದು ಅವಳ ಕಿವಿಗೆ ಮೊದಲು ಬೀಳಲಿ.

ಮಕ್ಕಳಿಗೆ ತೋರಿಸಲು ಇಂದಿನ ಉದಾಹರಣೆಯೂ ಇದೆ. ಅಜಂತಾ ಗುಹೆಯ ಚಿತ್ರದಲ್ಲಿರುವ ಹಡಗನ್ನು ಮಾದರಿಯಾಗಿಟ್ಟುಕೊಂಡು ಕೇರಳದ ಕುಶಲಕರ್ಮಿಗಳು ನಾರಿನಿಂದ ಹೊಲಿದ ‘ಕೌಂಡಿಣ್ಯ’ವನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿದರು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರ್ ಕೊನೆಗೆ, ಸರಿಯಾದ ಗಾಳಿಯ ತಿಂಗಳಲ್ಲಿ, ಪೋರಬಂದರಿನಿಂದ ಮಸ್ಕತ್ತಿಗೆ ಹೊರಟು ತಲುಪಿತು. ಚಿತ್ರ ಬಿಡಿಸುವವರಿಗೆ ಮುಂಬಯಿ ಬೊರಿವಲಿಯ ಎಕ್ಸಾರ್ ವೀರಗಲ್ಲುಗಳನ್ನೂ ತೋರಿಸಿ, ಅಲ್ಲಿ ಹುಟ್ಟು ಹಾಕುವ ಯುದ್ಧದ ಹಡಗುಗಳು ಸಾಲಾಗಿವೆ. ದುಂಡಗಿನ ಚುಕ್ಕಾಣಿ ಚಕ್ರ ಮಾತ್ರ ಬೇಡ, ಅದು 18ನೇ ಶತಮಾನದ್ದು.

ದುರ್ಬೀನು ಬಂದದ್ದು 1608ರಲ್ಲಿ, ಹಾಲೆಂಡಿನಲ್ಲಿ. ದಿಕ್ಸೂಚಿ ಚೀನೀ ಹಡಗುಗಳಲ್ಲಿ 12ನೇ ಶತಮಾನದ ಆರಂಭಕ್ಕೇ ಇತ್ತು. ನಮ್ಮ ಕಡಲಲ್ಲಿ ಅದರ ಮಾತು ಕೇಳಿಬರುವುದು 13ನೇ ಶತಮಾನದಲ್ಲಿ. ಎರಡನ್ನೂ ಕಪ್ತಾನನ ಕೈಯಿಂದ ತೆಗೆದುಬಿಡಿ, ಆಗ ಅವನ ಕೈಯಲ್ಲಿ ಉಳಿಯುವುದು ನಕ್ಷತ್ರ ಮತ್ತು ಅವನದೇ ಬೆರಳು. ಕೈ ಚಾಚಿ, ದಿಗಂತಕ್ಕೂ ಧ್ರುವ ನಕ್ಷತ್ರಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಎಂದು ನೋಡುವುದು. ಧ್ರುವದ ಎತ್ತರ ಎಂದರೆ ಹೆಚ್ಚುಕಡಿಮೆ ನಾವಿರುವ ಅಕ್ಷಾಂಶ. ಈಗ ಭೂಪಟ ತೆಗೆಯಿರಿ. ಮಂಗಳೂರು 12.9 ಡಿಗ್ರಿ ಉತ್ತರದಲ್ಲಿದೆ, ಏಡನ್ 12.8. ಸುಮಾರು 3,200 ಕಿಲೋಮೀಟರ್ ದೂರದ ಎರಡು ಊರುಗಳು ಒಂದೇ ಗೆರೆಯ ಮೇಲೆ! ನಡುವೆ ಸಿಗುವ ಸೊಕೊಟ್ರಾ ದ್ವೀಪವೂ 12.5ರಲ್ಲಿದೆ. ನಕ್ಷತ್ರವನ್ನು ಮನೆಯಲ್ಲಿ ಕಂಡಷ್ಟೇ ಎತ್ತರಕ್ಕೆ ಹಿಡಿದು ಪಶ್ಚಿಮಕ್ಕೆ ಹೋದರೆ ಏಡನ್. ತೆಂಕಕ್ಕೆ ಜಾರಿದರೆ ಲಕ್ಷದ್ವೀಪದ ಹವಳದ ದಿಬ್ಬಗಳು ಕಾದಿರುತ್ತವೆ.

ಇಲ್ಲೊಂದು ತಿರುವು ಇದೆ. ಧ್ರುವ ನಕ್ಷತ್ರ ಅಲುಗುವುದಿಲ್ಲ ಎಂದು ನಾವೆಲ್ಲ ಪಾಠ ಮಾಡುತ್ತೇವೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲುವುದರಿಂದ, 12ನೇ ಶತಮಾನದಲ್ಲಿ ಆ ನಕ್ಷತ್ರ ನಿಜವಾದ ಧ್ರುವದಿಂದ ಸುಮಾರು 5 ಡಿಗ್ರಿ ದೂರವಿತ್ತು. ಇಂದು ಒಂದು ಡಿಗ್ರಿಗಿಂತ ಕಡಿಮೆ. ಅಂದರೆ ನಿಮ್ಮ ಹುಡುಗಿ ಸಂಜೆ ನೋಡಿದ ಧ್ರುವ ಬೆಳಗಿನ ಜಾವಕ್ಕೆ ಬೇರೆ ಎತ್ತರದಲ್ಲಿರುತ್ತದೆ. ಅವಳಿಗೆ ಕಾಲ ಬದಲಾಗಿದೆ ಎಂದು ಹೇಳಲು ಮಾಯದ ಬೆಳಕು, ಸುಳಿಗಾಳಿ ಏನೂ ಬೇಡ. ಅಜ್ಜ ತೋರಿಸಿಕೊಟ್ಟ ನಕ್ಷತ್ರ ಜಾಗ ಬಿಟ್ಟು ಸುತ್ತುತ್ತಿದೆ ಎಂಬುದನ್ನು ಅವಳು ಕಂಡರೆ ಸಾಕು, ಓದುವ ಮಗುವಿನ ಮೈ ಜುಮ್ಮೆನ್ನುತ್ತದೆ.

ನೀವು ಅವಳ ಜೇಬಿನಲ್ಲಿ ಮೊಬೈಲ್ ಇಟ್ಟಿದ್ದೀರಿ. ಅಲ್ಲಿ ಟವರ್ ಇಲ್ಲ, ಉಪಗ್ರಹವಿಲ್ಲ, ಎರಡನೇ ದಿನಕ್ಕೆ ಚಾರ್ಜೂ ಇಲ್ಲ. ಬದಲಿಗೆ ಜಾತ್ರೆಯಲ್ಲಿ ಕೊಂಡ ಒಂದು ಕೈಗಡಿಯಾರ ಕೊಡಿ. ಮಂಗಳೂರಿನ ಧಕ್ಕೆಯಲ್ಲಿ ನೆಟ್ಟ ಕೋಲಿನ ನೆರಳು ಅತಿ ಗಿಡ್ಡವಾದ ಹೊತ್ತಿಗೆ ಅವಳು ಅದನ್ನು ಹನ್ನೆರಡಕ್ಕೆ ತಿರುಗಿಸಿಡಲಿ. ಹಡಗು ಪಶ್ಚಿಮಕ್ಕೆ ಹೋದ ಹಾಗೆ ನಡುಹಗಲು ದಿನಕ್ಕೆ ನಾಲ್ಕೈದು ನಿಮಿಷ ತಡವಾಗಿ ಬರುತ್ತದೆ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ, ಏಡನ್ 30 ಡಿಗ್ರಿ ದೂರ. ಏಡನ್ನಿನಲ್ಲಿ ನೆತ್ತಿಯ ಮೇಲೆ ಸೂರ್ಯ ಬಂದಾಗ ಅವಳ ಗಡಿಯಾರದಲ್ಲಿ ಎರಡು ಗಂಟೆ. ಬೆರಳಿನಿಂದ ಅಕ್ಷಾಂಶ ಅಳೆಯಬಲ್ಲ ಆ ನಾವಿಕ, ಎಷ್ಟು ದೂರ ಪಶ್ಚಿಮಕ್ಕೆ ಬಂದೆವು ಎಂಬುದನ್ನು ಅನುಭವದಿಂದ ಅಂದಾಜು ಮಾಡಬಲ್ಲ, ಅಷ್ಟೆ. ಅದನ್ನು ಅಳೆಯಬಲ್ಲ ಕಡಲ ಗಡಿಯಾರ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಕೈಯಿಂದ ಬಂದದ್ದು 18ನೇ ಶತಮಾನದಲ್ಲಿ, 1761ರಲ್ಲಿ ಅದು ಪರೀಕ್ಷೆಗೆ ಕಡಲಿಗಿಳಿಯಿತು. 1149ರಲ್ಲಿ ಭೂಮಿಯ ಮೇಲೆ ಯಾರ ಬಳಿಯೂ ಇಲ್ಲದ ಒಂದು ಸಾಧನ ಹನ್ನೆರಡು ವರ್ಷದ ಹುಡುಗಿಯ ಮಣಿಕಟ್ಟಿನ ಮೇಲೆ ಇರುತ್ತದೆ. ಏಳನೇ ತರಗತಿಯ ಮಗು ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ ನೋಡಬಹುದು. ಪಾಠ ಮಾಡಿದ ಹಾಗೆಯೂ ಆಗುವುದಿಲ್ಲ.

ಊಟದ ಮಾತು ಬೇಗ ಮುಗಿಸುತ್ತೇನೆ. ಮೆಣಸಿನಕಾಯಿ, ಟೊಮೆಟೊ, ಬಟಾಟೆ, ಗೋಡಂಬಿ, ಅನಾನಸು, ಪಪ್ಪಾಯಿ ಎಲ್ಲ ಅಮೆರಿಕದಿಂದ ಬಂದವು, ಪೋರ್ಚುಗೀಸರ ನಂತರ. ಕೆಂಪು ಗಸಿ ಇರಲಿಲ್ಲ, ಕರಿಮೆಣಸಿನ ಸಾರು ಇತ್ತು. ಏಡನ್ನಿನಲ್ಲಿ ಕಾಫಿ ಕುಡಿಸಿದ್ದೀರಿ, ಯೆಮೆನ್‌ನಲ್ಲಿ ಕಾಫಿ ಕುಡಿಯುವುದು ಕಾಣಿಸುವುದು 15ನೇ ಶತಮಾನದಲ್ಲಿ. ಅಮ್ಮನ ಮೀನುಗಸಿಯ ಬಣ್ಣ ನೆನೆದು ಹುಡುಗಿ ಅಳುವ ಒಂದು ಸಾಲು ಬರೆದರೆ ಈ ತಪ್ಪು ಲಾಭಕ್ಕೇ ತಿರುಗುತ್ತದೆ.

ಕಡಲ್ಗಳ್ಳರನ್ನು ಬಿಡಬೇಡಿ, ಬಾವುಟವನ್ನು ಮಾತ್ರ ಬಿಡಿ. ತಲೆಬುರುಡೆಯ ಬಾವುಟ 18ನೇ ಶತಮಾನದ ಅಟ್ಲಾಂಟಿಕ್‌ನದು. ನಮ್ಮ ಪಡುವಣ ಕಡಲಿನ ಕಳ್ಳರ ತಂತ್ರವನ್ನು 13ನೇ ಶತಮಾನದ ಕೊನೆಗೆ ಮಾರ್ಕೊ ಪೋಲೊ ವಿವರಿಸಿದ್ದಾನೆ. ಇಪ್ಪತ್ತು ಮೂವತ್ತು ಹಡಗು ಐದಾರು ಮೈಲಿಗೊಂದರಂತೆ ಸಾಲಾಗಿ ಹರಡಿ ನಿಲ್ಲುತ್ತವೆ, ಬೇಟೆ ಕಂಡವರು ಹೊಗೆ ಎಬ್ಬಿಸುತ್ತಾರೆ, ಉಳಿದವರು ಮುತ್ತುತ್ತಾರೆ. ಹೆಂಡತಿ ಮಕ್ಕಳೂ ಅದೇ ಹಡಗುಗಳಲ್ಲಿ. ದಿಗಂತದಲ್ಲಿ ಒಂದು ಹೊಗೆಯ ಎಳೆ, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಬಾವುಟಕ್ಕಿಂತ ಭಯಂಕರ ಅದು. 1135ನ್ನೇ ಉಳಿಸಿಕೊಳ್ಳುತ್ತೀರಾದರೆ ಅದಕ್ಕೂ ಸಾಹಸವಿದೆ. ಆ ವರ್ಷ ಪರ್ಷಿಯಾ ಕೊಲ್ಲಿಯ ಕೀಶ್ ದ್ವೀಪದ ಒಡೆಯ 15 ಹಡಗು ಕಳಿಸಿ ಏಡನ್ ಬಂದರನ್ನು ಎರಡು ತಿಂಗಳು ಮುತ್ತಿದ. ರಾಮಿಶ್ತ್ ಎಂಬ ದೊಡ್ಡ ವರ್ತಕನ ಎರಡು ಹಡಗುಗಳು ಬಂದ ಮೇಲೆ ಮುತ್ತಿಗೆ ಮುರಿಯಿತು. ಇದೂ ಅದೇ ಪತ್ರಗಳ ಕಟ್ಟಿನಲ್ಲಿದೆ.

ಗಾಮನನ್ನು ತಡೆಯುವ ಕೊನೆಯ ಅಧ್ಯಾಯ ನನಗೆ ಒಪ್ಪಿಗೆಯಾಗಲಿಲ್ಲ. 1149ರಿಂದ 1498ಕ್ಕೆ 349 ವರ್ಷ. ಇಂದು ಯಾರೋ ಬಂದು 2370ರ ಸುಮಾರಿಗೆ ಒಬ್ಬ ಬರುತ್ತಾನೆ, ಜಾಗ್ರತೆ ಎಂದರೆ ನಾವು ಯಾರಿಗೆ ಹೇಳಬೇಕು? ಇನ್ನೂ ಒಂದು ತೊಂದರೆ ಇದೆ. ಚರಿತ್ರೆ ಬದಲಾದರೆ ಅವಳು ಮರಳುವ ಮನೆಯೂ ಬದಲಾಗಿರುತ್ತದೆ, ಅಮ್ಮನ ಕೆಂಪು ಗಸಿಯೂ ಇರುವುದಿಲ್ಲ. ಆ ದಾರಿ ಹಿಡಿಯುವುದಾದರೆ ಅದರ ದುಃಖವನ್ನೂ ಬರೆಯಬೇಕು, ಎಂಟು ಪುಟದಲ್ಲಿ ಆಗದು. ಅವಳು ಬರೀ ನೋಡಿ ಬರುತ್ತಾಳೆ ಎಂದರೆ ನಾಯಕಿ ಪ್ರವಾಸಿಯಾಗಿಬಿಡುತ್ತಾಳೆ, ಮಕ್ಕಳಿಗೆ ಬೇಸರ. ನನಗೆ ಹಿಡಿಸುವ ಮೂರನೆಯ ದಾರಿ: ಅವಳು ಮಾಡಿದ್ದು ಆಗಲೇ ಚರಿತ್ರೆಯೊಳಗಿದೆ. ಅವಳ ನೋಟ್‌ಬುಕ್ಕಿನ ಒಂದು ಹಾಳೆ ಸಿತ್ ಅಲ್ ದಾರ್ ಕೈಸೇರಿ, ಈಜಿಪ್ಟಿಗೆ ಹೋಗಿ, ಆ ಕೋಣೆಯಲ್ಲಿ ಸುಮಾರು ಏಳೂವರೆ ಶತಮಾನ ಮಲಗಿತ್ತು ಎಂದು ನೀವು ಕಲ್ಪಿಸಬಹುದು. ಇದರ ಅಪಾಯವೆಂದರೆ ಓದಿದ ಮಗು ಅಂಥ ಹಾಳೆ ನಿಜಕ್ಕೂ ಇದೆ ಎಂದುಕೊಳ್ಳುವುದು. ಪುಸ್ತಕದ ಕೊನೆಗೆ ಒಂದು ಪುಟದಲ್ಲಿ ಯಾವುದು ಪತ್ರದಲ್ಲಿದೆ, ಯಾವುದು ನಿಮ್ಮದು ಎಂದು ಬಿಡಿಸಿ ಹೇಳಿಬಿಡಿ. ಮಕ್ಕಳು ಆ ಪುಟವನ್ನು ಕತೆಯಷ್ಟೇ ಆಸೆಯಿಂದ ಓದುವುದನ್ನು ನಾನು ಕಂಡಿದ್ದೇನೆ. ಇಷ್ಟೆಲ್ಲ ಬೇಡ, ಊರಿನ ಹೆಸರೇ ಕಲ್ಪನೆಯದಾಗಲಿ ಎಂದರೆ ಅದೂ ಸರಿ, ಇಸವಿಯ ಗೋಜು ತಪ್ಪುತ್ತದೆ. ಆದರೆ ಸಿತ್ ಅಲ್ ದಾರ್ ಕೈತಪ್ಪುತ್ತಾಳೆ, ಗಾಳಿಯ ಲೆಕ್ಕ ಮಾತ್ರ ಆಗಲೂ ತಪ್ಪುವುದಿಲ್ಲ.

ಭಾಷೆಗೆ ಬರೋಣ. ನಿಮ್ಮ ಹುಡುಗಿ ಮಲ್ಪೆಯವಳು, ಮನೆಯಲ್ಲಿ ತುಳು. ಅದು ಅವಳಿಗೆ ದೊಡ್ಡ ಆಸರೆ. ಹಳಗನ್ನಡದ ಪಕಾರ ಹಕಾರವಾಗಿ ತಿರುಗುತ್ತಿದ್ದ ಕಾಲ ಅದು. ‘ಪುಲಿ’ ಎಂದು ಯಾರಾದರೂ ಕೂಗಿದರೆ ಬೆಂಗಳೂರಿನ ಮಗು ತಬ್ಬಿಬ್ಬಾದೀತು. ‘ಪಿಲಿ’ ವೇಷ ಕುಣಿದ ಇವಳು ಓಡುತ್ತಾಳೆ. ಪೂ, ಪೋ ಎಂಬ ಮಾತುಗಳೂ ಅವಳಿಗೆ ಮನೆಯವೇ. ಇಡೀ ಸಂಭಾಷಣೆಯನ್ನು ಹಳಗನ್ನಡದಲ್ಲಿ ಬರೆಯಬೇಡಿ, ಮೊದಲ ಎರಡು ದಿನದ ಗೊಂದಲ ತೋರಿಸಿ ಮುಂದೆ ನಿಮ್ಮ ಕರಾವಳಿ ಕನ್ನಡದಲ್ಲೇ ಹೋಗಿ.

ಒಂದು ವಿಷಯದಲ್ಲಿ ಮಾತ್ರ ಜೋಪಾನ. ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ಮುಗಿಸಿ ಬರುತ್ತಿದ್ದ ಒಬ್ಬನ ಹೆಸರನ್ನು ವಿದ್ವಾಂಸರು ‘ಬೊಮ್ಮ’ ಎಂದು ಓದಿದ್ದಾರೆ, ನಮ್ಮ ಕಡೆಯದೇ ಹೆಸರು. ಏಡನ್ನಿನ ವರ್ತಕರು ಪತ್ರದ ಕೊನೆಗೆ ಅವನಿಗೂ ನಮಸ್ಕಾರ ಕಳಿಸುತ್ತಾರೆ. ಅವನು ದಾಸ. ಹಣ ಅವನ ಕೈಯಲ್ಲಿ ಓಡಾಡುತ್ತಿತ್ತು, ಗೌರವ ಇತ್ತು, ಆದರೂ ಇನ್ನೊಬ್ಬನ ಸ್ವತ್ತು. ಆಶು ಕೂಡ ಒಂದು ಕಾಲಕ್ಕೆ ಹಾಗೆಯೇ. ಮಕ್ಕಳ ಪುಸ್ತಕ ಎಂದು ‘ಕೆಲಸದಾಳು’ ಎಂದು ತಿದ್ದುವವರು ಇದ್ದಾರೆ, ನಾನೂ ಹಿಂದೆ ಒಂದು ಹಸ್ತಪ್ರತಿಯಲ್ಲಿ ಹಾಗೆ ತಿದ್ದಿಸಿದ್ದೆ, ಈಗ ಅದು ತಪ್ಪು ಎಂದೇ ತಿಳಿದಿದ್ದೇನೆ. ಹುಡುಗಿ ಬೊಮ್ಮನನ್ನು ನೇರವಾಗಿ ಕೇಳಲಿ, ಹಡಗು ಹತ್ತಿ ಇಷ್ಟು ದೂರ ಬಂದಿದ್ದೀಯಲ್ಲ, ಓಡಿಹೋಗಲಿಲ್ಲ ಏಕೆ ಎಂದು. ಅವನು ಏನು ಹೇಳುತ್ತಾನೆ ಎಂಬುದನ್ನು ನೀವು ಕೂತು ಯೋಚಿಸಬೇಕು. ಈ ಕಾದಂಬರಿಯ ಅತಿ ಕಷ್ಟದ ಪುಟ ಅದೇ.

80 ಪುಟಗಳಲ್ಲಿ ಮೊದಲ 22 ಪುಟ ಹಾಗೇ ಇರಲಿ. ಅಜ್ಜನ ದೋಣಿಯ ಒಳಗೆ ಒಣಮೀನಿನ ವಾಸನೆಯ ನಡುವೆ ಅವಳು ಬೆರಳಿನಿಂದ ಹಲಗೆಯ ಸಂದು ಸವರುವ ಭಾಗ ನನಗೆ ತುಂಬ ಹಿಡಿಸಿತು. ಆ ಸಂದಿನಲ್ಲಿ ಒಂದು ತುಂಡು ನಾರಿನ ಹುರಿ ಅವಳ ಬೆರಳಿಗೆ ಸಿಗಲಿ. ಆಮೇಲೆ ಜೂನ್ ಎಂಬುದನ್ನು ಹೊಡೆದುಹಾಕಿ ಡಿಸೆಂಬರ್ ಎಂದು ಬರೆದು, ಅಲ್ಲಿಂದ ಮುಂದಕ್ಕೆ ಹೊಸದಾಗಿ ಶುರುಮಾಡಿ. ಈ ಶನಿವಾರಕ್ಕೆ ಮಕ್ಕಳಿಗೆ ಓದಲು ಆ 22 ಪುಟದಲ್ಲೇ ಸಾಕಷ್ಟಿದೆ.